ಹಾಲಿವುಡ್ ಬೇರ್ಸ್ ಅಂತ ಒಂದು ತಂಡ ನಿಜವಾಗಲೂ ಇತ್ತಾ?

ಪ್ರಶ್ನೆ: ನನ್ನ ಮಗ ಲಾಸ್ ಏಂಜಲೀಸ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಗೆ ಹೋದಾಗ ಅವನ ಜೊತೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವ ಚಟ ಹತ್ತಿದೆ. ರಾಮ್ಸ್ ತಂಡದ ಹಳೇ ಆಟಗಾರ ಕೆನ್ನಿ ವಾಷಿಂಗ್ಟನ್ ಅನ್ನೋರ ಬಗ್ಗೆ ಹೇಳುವಾಗ, ಅವರು ಮೊದಲು ‘ಹಾಲಿವುಡ್ ಬೇರ್ಸ್’ ಎಂಬ ಮೈನರ್ ಲೀಗ್ ತಂಡದಲ್ಲಿದ್ದರು ಅಂತ ಕೇಳಿದೆ. ಶಿಕಾಗೊ ಬೇರ್ಸ್ ಗೊತ್ತು, ಇದು ಯಾವುದು? ಅಷ್ಟು ದೊಡ್ಡ ಆಟಗಾರ ಚಿಕ್ಕ ಲೀಗಿನಲ್ಲಿ ಏನು ಮಾಡ್ತಿದ್ದರು? ತಂಡ ಯಾಕೆ ಮುಚ್ಚಿತು? ಮುಂದಿನ ಸಲ ಹೋದಾಗ ನೋಡೋಕೆ ಏನಾದರೂ ಉಳಿದಿದೆಯಾ?

ಉತ್ತರ: ಇತ್ತು. ಹೆಸರು ಕೇಳಿದರೆ ಸಿನಿಮಾದವರು ಸುಮ್ನೆ ಮೋಜಿಗೆ ಕಟ್ಟಿಕೊಂಡ ತಂಡ ಅನ್ನಿಸುತ್ತೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಅದು ದುಡ್ಡು ಕೊಟ್ಟು ಆಡಿಸುತ್ತಿದ್ದ, ಟಿಕೆಟ್ ಮಾರಿ ಬದುಕುತ್ತಿದ್ದ ಪಕ್ಕಾ ವೃತ್ತಿಪರ ತಂಡ. 1940ರಲ್ಲಿ ಶುರುವಾಯಿತು, 1941 ಮತ್ತು 1945ರಲ್ಲಿ ತನ್ನ ಲೀಗ್ ಗೆದ್ದಿತು, 1948ರ ಹೊತ್ತಿಗೆ ಲೀಗಿನ ಜೊತೆಗೇ ಕಥೆ ಮುಗಿಯಿತು. ಶಿಕಾಗೊ ಬೇರ್ಸ್ ಜೊತೆ ಇದನ್ನು ಸೇರಿಸಬೇಡಿ, ಇದು ಬೇರೆಯೇ ತಂಡ. ಆದರೂ ಶಿಕಾಗೊ ಬೇರ್ಸ್ ಮಾಲೀಕರು ಈ ಕಥೆಯಲ್ಲಿ ಒಂದು ಸಲ ಬಂದು ಹೋಗುತ್ತಾರೆ, ಆ ಮಾತು ಮುಂದೆ ಬರುತ್ತೆ.

ನಿಮ್ಮ ಪ್ರಶ್ನೆಗಳಲ್ಲಿ ಎರಡನೆಯದೇ ಅಸಲಿ ಪ್ರಶ್ನೆ. ಅಷ್ಟು ದೊಡ್ಡ ಆಟಗಾರ ಚಿಕ್ಕ ಲೀಗಿನಲ್ಲಿ ಏನು ಮಾಡುತ್ತಿದ್ದರು? ಕಾಯುತ್ತಿದ್ದರು. ಕೆನ್ನಿ ವಾಷಿಂಗ್ಟನ್ ಕಪ್ಪು ಜನಾಂಗದವರು. 1934ರಿಂದ 1945ರವರೆಗೆ, ಹನ್ನೆರಡು ಸೀಸನ್, ಅಲ್ಲಿನ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ನಿಯಮ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಮಾಲೀಕರೆಲ್ಲ ಬಾಯಿಬಿಡದೆ ಪಾಲಿಸಿದ ಕಟ್ಟಳೆ ಅದು.

ಆದರೆ ಬೇರ್ಸ್ ಹುಟ್ಟಿದ್ದಕ್ಕೆ ಬಣ್ಣ ಒಂದೇ ಕಾರಣ ಅಲ್ಲ. ಇನ್ನೊಂದು ಕಾರಣ ರೈಲು.

1940ರ ಎನ್‌ಎಫ್‌ಎಲ್‌ನಲ್ಲಿ ಇದ್ದದ್ದು ಹತ್ತೇ ತಂಡ. ನಕ್ಷೆ ತೆಗೆದು ನೋಡಿ: ನ್ಯೂಯಾರ್ಕ್, ಬ್ರೂಕ್ಲಿನ್, ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ವಾಷಿಂಗ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯ್ಟ್, ಶಿಕಾಗೊದಲ್ಲಿ ಎರಡು, ಗ್ರೀನ್ ಬೇ. ಪಶ್ಚಿಮಕ್ಕೆ ಹೋದರೆ ಶಿಕಾಗೊ-ಗ್ರೀನ್ ಬೇಗೇ ಲೀಗ್ ಮುಗೀತು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ವೇಗದ ರೈಲಿನಲ್ಲೂ ಹೆಚ್ಚುಕಮ್ಮಿ ಎರಡು ದಿನ. ಹೋಗಲು ಎರಡು, ಬರಲು ಎರಡು, ಆಮೇಲೆ ಭಾನುವಾರದ ಪಂದ್ಯಕ್ಕೆ ಏಟು ತಿಂದ ಮೈಯನ್ನು ತಯಾರು ಮಾಡೋದು ಯಾವಾಗ? ಹಾಗಾಗಿ ಹದಿನೈದು ಲಕ್ಷ ಜನ ಇದ್ದ ಲಾಸ್ ಏಂಜಲೀಸ್‌ಗೆ ದೊಡ್ಡ ಲೀಗಿನ ತಂಡವೇ ಇರಲಿಲ್ಲ. ಜನಕ್ಕೆ ಆಟದ ಹುಚ್ಚು ಕಡಿಮೆ ಇತ್ತು ಅಂದುಕೊಳ್ಳಬೇಡಿ. 1939ರ ಡಿಸೆಂಬರ್‌ನಲ್ಲಿ ಅಲ್ಲಿನ ಎರಡು ವಿಶ್ವವಿದ್ಯಾಲಯಗಳು, ಯುಸಿಎಲ್‌ಎ ಮತ್ತು ಯುಎಸ್‌ಸಿ, ಆಡಿದ ಪಂದ್ಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಪಂದ್ಯ 0-0 ಡ್ರಾ ಆಯಿತು ಅನ್ನೋದು ಬೇರೆ ಮಾತು.

ಇಲ್ಲಿ ‘ಮೈನರ್ ಲೀಗ್’ ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೇಸ್‌ಬಾಲ್‌ನಲ್ಲಿ ಮೈನರ್ ಲೀಗ್ ಅಂದರೆ ಏಣಿಯ ಕೆಳಗಿನ ಮೆಟ್ಟಿಲು. ಮೇಲಿನ ತಂಡ ಹುಡುಗರನ್ನು ಅಲ್ಲಿ ಪಳಗಿಸಿ, ತಯಾರಾದ ಮೇಲೆ ಮೇಲಕ್ಕೆ ಕರೆಸಿಕೊಳ್ಳುತ್ತೆ. ಫುಟ್‌ಬಾಲ್‌ನಲ್ಲಿ ಆ ಕೆಲಸವನ್ನು ಕಾಲೇಜುಗಳೇ ಪುಕ್ಕಟೆ ಮಾಡಿಕೊಡುತ್ತಿದ್ದವು. ಹಾಗಾಗಿ ಫುಟ್‌ಬಾಲ್‌ನ ಮೈನರ್ ಲೀಗುಗಳಿಗೆ ಮೇಲಿನವರಿಂದ ದುಡ್ಡೂ ಇಲ್ಲ, ದಾರಿಯೂ ಇಲ್ಲ. ಊರಿನ ಜನ ಟಿಕೆಟ್ ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ತಂಡಗಳು ಅಮೆರಿಕದಲ್ಲಿ ಹುಟ್ಟಿ ಸತ್ತದ್ದಕ್ಕೆ ಲೆಕ್ಕವೇ ಇಲ್ಲ, ಬಹಳಷ್ಟು ಎರಡು ಮೂರು ವರ್ಷಕ್ಕೇ ಮಾಯ. ಲಾಸ್ ಏಂಜಲೀಸ್ ಮಾತ್ರ ಬೇರೆ ಥರ, ಅಲ್ಲಿ ಪೈಪೋಟಿಗೆ ದೊಡ್ಡವರೇ ಇರಲಿಲ್ಲವಲ್ಲ.

ಬೇರ್ಸ್‌ಗೆ ಮೊದಲು ಅಲ್ಲಿ ಬುಲ್‌ಡಾಗ್ಸ್ ಅಂತ ಒಂದು ತಂಡ ಇತ್ತು. 1936ರಲ್ಲಿ ಹುಟ್ಟಿದ್ದು. ಚಳಿಗಾಲದಲ್ಲಿ ಬಿಸಿಲು ಕಾಯಿಸಿಕೊಳ್ಳಲು, ಜೊತೆಗೆ ನಾಕು ಕಾಸು ಮಾಡಿಕೊಳ್ಳಲು ಪಶ್ಚಿಮಕ್ಕೆ ಬರುತ್ತಿದ್ದ ಎನ್‌ಎಫ್‌ಎಲ್ ತಂಡಗಳ ಜೊತೆ ಇವರು ಪ್ರದರ್ಶನ ಪಂದ್ಯ ಆಡುತ್ತಿದ್ದರು, ಕೆಲವನ್ನು ಗೆದ್ದೂ ಇದ್ದಾರೆ. 1937ರಲ್ಲಿ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಎದ್ದ ಅಮೆರಿಕನ್ ಫುಟ್‌ಬಾಲ್ ಲೀಗ್ ಸೇರಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದರು. ಗೆದ್ದ ತಂಡ ಉಳಿಯಿತು, ಲೀಗ್ ಮುಳುಗಿತು. ಪೂರ್ವದವರನ್ನು ನೆಚ್ಚಿಕೊಂಡರೆ ಆಗಲ್ಲ ಅಂತ 1940ರಲ್ಲಿ ಪಶ್ಚಿಮ ಕರಾವಳಿಯವರು ತಮ್ಮದೇ ಒಂದು ಲೀಗ್ ಮಾಡಿಕೊಂಡರು. ಹೆಸರು ಪೆಸಿಫಿಕ್ ಕೋಸ್ಟ್ ಪ್ರೊಫೆಷನಲ್ ಫುಟ್‌ಬಾಲ್ ಲೀಗ್. ಬುಲ್‌ಡಾಗ್ಸ್ ಜೊತೆಗೆ ಸ್ಯಾನ್ ಡಿಯಾಗೊ, ಓಕ್‌ಲ್ಯಾಂಡ್ ಕಡೆಯ ತಂಡಗಳು, ಮತ್ತೆ ಊರಿನ ಎರಡನೇ ತಂಡವಾಗಿ ನಮ್ಮ ಹಾಲಿವುಡ್ ಬೇರ್ಸ್. ಮೊದಲ ವರ್ಷ ಬುಲ್‌ಡಾಗ್ಸ್ ಗೆದ್ದರು.

ಆಡುತ್ತಿದ್ದ ಜಾಗ ಗಿಲ್ಮೋರ್ ಸ್ಟೇಡಿಯಂ. ಇದರ ಕಥೆ ಸ್ವಾರಸ್ಯವಾಗಿದೆ. ಗಿಲ್ಮೋರ್ ಅನ್ನೋರು ಹಸು ಕಟ್ಟಿಕೊಂಡು ಡೈರಿ ನಡೆಸುತ್ತಿದ್ದವರು. ದನಗಳಿಗೆ ನೀರು ಬೇಕು ಅಂತ ಬಾವಿ ಕೊರೆಸಿದರೆ ಎಣ್ಣೆ ಬಂತು, ಪೆಟ್ರೋಲ್ ಆಗುವ ಎಣ್ಣೆ. ಮಗ ಅರ್ಲ್ ಗಿಲ್ಮೋರ್ ಕಾಲಕ್ಕೆ ಅದು ದೊಡ್ಡ ಪೆಟ್ರೋಲ್ ಕಂಪನಿ. ಆತ ಅದೇ ಜಮೀನಿನಲ್ಲಿ 1934ರಲ್ಲಿ ಸುಮಾರು 18,000 ಜನ ಕೂರುವ ಸ್ಟೇಡಿಯಂ ಕಟ್ಟಿಸಿದರು. ಅಲ್ಲಿ ಜಾಸ್ತಿ ನಡೆಯುತ್ತಿದ್ದದ್ದು ಫುಟ್‌ಬಾಲ್ ಅಲ್ಲ, ‘ಮಿಡ್ಜೆಟ್’ ಅಂತ ಕರೆಯುವ ಗಿಡ್ಡ ರೇಸ್ ಕಾರುಗಳ ಓಟ. ಪೆಟ್ರೋಲ್ ಮಾರೋರಿಗೆ ಅದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಒಂದು ಲಕ್ಷ ಜನ ಹಿಡಿಸುವ ಕೊಲಿಸಿಯಂ ಕಾಲೇಜು ಹುಡುಗರಿಗೆ, ಸಂಬಳದ ಆಟಗಾರರಿಗೆ ಕಾರು ಓಡುವ ಮೈದಾನ. ಆಗಿನ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್‌ಗೆ ಇದ್ದ ಮರ್ಯಾದೆ ವೃತ್ತಿಪರರಿಗೆ ಇರಲಿಲ್ಲ, ಇದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತೆ.

ಬೇರ್ಸ್ ತಂಡ ಕಟ್ಟಿ ಕೋಚ್ ಆಗಿ ನಿಂತವರು ಪಾಲ್ ಶಿಸ್ಲರ್. ಈ ಮನುಷ್ಯನ ಹಿಂದಿನ ಚರಿತ್ರೆ ನೋಡಿದರೆ ನನಗೆ ಪ್ರತಿ ಸಲವೂ ಒಂಥರಾ ಆಗುತ್ತೆ. 1933ರಲ್ಲಿ ಇವರು ಎನ್‌ಎಫ್‌ಎಲ್‌ನ ಶಿಕಾಗೊ ಕಾರ್ಡಿನಲ್ಸ್ ಕೋಚ್. ಆ ವರ್ಷ ಇಡೀ ಲೀಗಿನಲ್ಲಿ ಇದ್ದದ್ದು ಇಬ್ಬರೇ ಕಪ್ಪು ಆಟಗಾರರು. ಪಿಟ್ಸ್‌ಬರ್ಗ್‌ನಲ್ಲಿ ರೇ ಕೆಂಪ್, ಕಾರ್ಡಿನಲ್ಸ್‌ನಲ್ಲಿ ಜೋ ಲಿಲಾರ್ಡ್. ಲಿಲಾರ್ಡ್ ಓಡುತ್ತಿದ್ದರು, ಎಸೆಯುತ್ತಿದ್ದರು, ಒದೆಯುತ್ತಿದ್ದರು, ತಂಡದ ಆಟವೆಲ್ಲ ಅವರ ಸುತ್ತಲೇ. ಮುಂದಿನ ವರ್ಷ ಅವರು ತಂಡದಲ್ಲಿ ಇಲ್ಲ. ಶಿಸ್ಲರ್ ಆಮೇಲೆ ಕೊಟ್ಟ ವಿವರಣೆಯ ಸಾರ ಇಷ್ಟು: ಎದುರಾಳಿಗಳು ಅವರನ್ನೇ ಗುರಿಯಿಟ್ಟು ಹೊಡೆಯುತ್ತಿದ್ದರು, ಅವರು ಇದ್ದರೆ ತಂಡದ ಉಳಿದವರಿಗೂ ಏಟು, ಅವರ ಒಳ್ಳೆಯದಕ್ಕೇ ಬಿಟ್ಟದ್ದು. ಹೊಡೆದವರು ಲೀಗಿನಲ್ಲಿ ಉಳಿದರು, ಹೊಡೆಸಿಕೊಂಡವರು ಹೊರಗೆ ಹೋದರು. ಅದೇ ಶಿಸ್ಲರ್ ಏಳು ವರ್ಷದ ಮೇಲೆ ಹಾಲಿವುಡ್‌ನಲ್ಲಿ ತಂಡ ಕಟ್ಟಿದಾಗ ಕಣ್ಣಿಟ್ಟದ್ದು ಇಬ್ಬರು ಕಪ್ಪು ಆಟಗಾರರ ಮೇಲೆ, ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್. ಮನಸ್ಸು ಬದಲಾಯಿತಾ? ಲೆಕ್ಕಾಚಾರ ಬದಲಾಯಿತು ಅಂತಲೇ ನನ್ನ ಅಂದಾಜು. ಶಿಕಾಗೊದಲ್ಲಿ ಕಪ್ಪು ಆಟಗಾರ ತೊಂದರೆ, ಲಾಸ್ ಏಂಜಲೀಸ್‌ನಲ್ಲಿ ಕೆನ್ನಿ ಅಂದರೆ ಟಿಕೆಟ್.

ಕೆನ್ನಿ ಆ ಊರಿನ ಮಗ. ಲಿಂಕನ್ ಹೈಟ್ಸ್ ಅನ್ನೋ ಕಡೆ, ಇಟಾಲಿಯನ್ನರು ಜಾಸ್ತಿ ಇದ್ದ ಬಡಾವಣೆಯಲ್ಲಿ ಬೆಳೆದವರು. ಯುಸಿಎಲ್‌ಎ ಸೇರಿದ ಮೇಲೆ ಇಡೀ ಕರಾವಳಿಗೆ ಗೊತ್ತಾದರು. ಆಗಿನ ಆಟದಲ್ಲಿ ‘ಸಿಂಗಲ್ ವಿಂಗ್’ ಅಂತ ಒಂದು ವ್ಯೂಹ. ಚೆಂಡು ಸೀದಾ ಹಿಂದೆ ನಿಂತ ಟೇಲ್‌ಬ್ಯಾಕ್ ಕೈಗೆ ಬರುತ್ತೆ. ಓಡಬೇಕಾ, ಎಸೆಯಬೇಕಾ, ಒದೆಯಬೇಕಾ, ಎಲ್ಲ ಅವನದೇ ನಿರ್ಧಾರ. ಈಗ ನೀವು ಟಿವಿಯಲ್ಲಿ ನೋಡುವ ಹಾಗೆ ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆ ಹನ್ನೊಂದು ಜನ ಅಂತ ಇರಲಿಲ್ಲ. ಚೆಂಡು ಎದುರಾಳಿಗೆ ಹೋದ ಕೂಡಲೇ ಅದೇ ಹನ್ನೊಂದು ಜನ ತಿರುಗಿ ನಿಂತು ಹಿಡಿಯಬೇಕು. ಕಬಡ್ಡಿಯಲ್ಲಿ ರೈಡ್ ಮುಗಿಸಿ ಬಂದವನೇ ಸರಪಳಿಗೆ ಕೈ ಕೊಡ್ತಾನಲ್ಲ, ಹಾಗೆ. 1939ರಲ್ಲಿ ಕೆನ್ನಿ ಓಟ, ಎಸೆತ ಸೇರಿಸಿ 1,370 ಗಜ ಗಳಿಸಿ ಇಡೀ ದೇಶದ ಕಾಲೇಜುಗಳಿಗೆಲ್ಲ ಮೊದಲಿಗರಾದರು. ಆ ತಂಡದಲ್ಲಿ ಅವರ ಜೊತೆಗಿದ್ದವರು ವುಡಿ ಸ್ಟ್ರೋಡ್, ಮತ್ತೆ ಜ್ಯಾಕಿ ರಾಬಿನ್ಸನ್. ಹೌದು, ಮುಂದೆ ಬೇಸ್‌ಬಾಲ್‌ನ ದೊಡ್ಡ ಲೀಗಿನಲ್ಲಿ ಬಣ್ಣದ ಗೋಡೆ ಒಡೆದ ಅದೇ ಜ್ಯಾಕಿ ರಾಬಿನ್ಸನ್.

ಅವರ ತೋಳಿನ ಬಲ ಎಷ್ಟಿತ್ತು ಅನ್ನೋಕೆ 1937ರ ಒಂದು ಪಂದ್ಯ ಸಾಕು. ಯುಎಸ್‌ಸಿ ಎದುರು ಯುಸಿಎಲ್‌ಎ 19-0 ಹಿಂದೆ. ಪಂದ್ಯ ಮುಗಿಯುತ್ತಾ ಬಂದಿದೆ, ಜನ ಎದ್ದು ಹೊರಡುತ್ತಿದ್ದಾರೆ. ಆಗ ಕೆನ್ನಿ ಅರ್ಧ ನಿಮಿಷದೊಳಗೆ, ಲೆಕ್ಕ ಹಾಕಿ 29 ಸೆಕೆಂಡಿನಲ್ಲಿ, ಎರಡು ಟಚ್‌ಡೌನ್ ಎಸೆತ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಎಸೆತ, ಎಸೆದರು. ಅದರಲ್ಲಿ ಒಂದು ಗಾಳಿಯಲ್ಲೇ 62 ಗಜ ಹೋಯಿತು. ಆಗಿನ ಚೆಂಡು ಈಗಿನದ್ದಕ್ಕಿಂತ ದಪ್ಪ, ಹಿಡಿತ ಸಿಗೋದೇ ಕಷ್ಟ. ಪಂದ್ಯ 19-13ಕ್ಕೆ ಸೋತರು. ಮುಗಿದ ಮೇಲೆ ಯುಸಿಎಲ್‌ಎ ಕೋಚ್ ಎದುರಾಳಿಗಳ ಕೋಣೆಯ ಬಾಗಿಲು ತಟ್ಟಿ, ಇನ್ನು ಹೊರಗೆ ಬನ್ನಿ, ಕೆನ್ನಿ ಎಸೆಯೋದು ನಿಲ್ಲಿಸಿದ ಅಂತ ಕೂಗಿದರಂತೆ.

ಕಾಲೇಜು ಆಟ ಮುಗಿಸಿದ ಇಂಥವರನ್ನು ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಹತ್ತು ತಂಡಗಳಲ್ಲಿ ಒಂದೂ ಆರಿಸಲಿಲ್ಲ. 1940ರ ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಕಾಲೇಜು ತಾರೆಗಳಿಗೂ ಎನ್‌ಎಫ್‌ಎಲ್ ಚಾಂಪಿಯನ್ ಗ್ರೀನ್ ಬೇಗೂ ಪಂದ್ಯ. ಕೆನ್ನಿ ಅದರಲ್ಲಿ ಟಚ್‌ಡೌನ್ ಹೊಡೆದರು. ಶಿಕಾಗೊ ಬೇರ್ಸ್ ಮಾಲೀಕ ಜಾರ್ಜ್ ಹಾಲಸ್, ಸ್ವಲ್ಪ ದಿನ ಇಲ್ಲೇ ಇರು, ಏನಾಗುತ್ತೋ ನೋಡ್ತೀನಿ ಅಂತ ಉಳಿಸಿಕೊಂಡರು ಅನ್ನುತ್ತಾರೆ. ಕೆನ್ನಿ ಕಾದರು. ಆಗಲ್ಲ ಅಂತ ಸುದ್ದಿ ಬಂತು, ಊರಿಗೆ ವಾಪಸ್. ಶಿಕಾಗೊ ಬೇರ್ಸ್ ಆಗಬಹುದಾಗಿದ್ದವರು ಹಾಲಿವುಡ್ ಬೇರ್ಸ್ ಆದರು. ಜೊತೆಗೆ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಕೆಲಸ.

ಬೇರ್ಸ್‌ನಲ್ಲಿ ಅವರು ಬರೀ ಆಟಗಾರ ಆಗಿರಲಿಲ್ಲ, ತಂಡದ ಜಾಹೀರಾತೂ ಅವರೇ. ಗೇಟಿನ ವಸೂಲಿಯಲ್ಲಿ ಅವರಿಗೆ ಪಾಲಿತ್ತು ಅಂತ ವುಡಿ ಹೇಳಿಕೊಂಡಿದ್ದಾರೆ, ಮೈನರ್ ಲೀಗಿನಲ್ಲಿ ಅದು ಅಪರೂಪ. ಎನ್‌ಎಫ್‌ಎಲ್ ಬಾಗಿಲು ಹಾಕಿಕೊಂಡಿದ್ದ ಕಾಲಕ್ಕೆ ಈ ಲೀಗಿನಲ್ಲಿ ಕಪ್ಪು ಬಿಳಿ ಆಟಗಾರರು ಒಟ್ಟಿಗೆ ಆಡುತ್ತಿದ್ದರು. 1941ರಲ್ಲಿ ಬೇರ್ಸ್ ಎಂಟಕ್ಕೆ ಎಂಟೂ ಗೆದ್ದು ಚಾಂಪಿಯನ್. ಅಂದರೆ ಆ ಚಳಿಗಾಲದಲ್ಲಿ ದೇಶದ ಒಳ್ಳೆಯ ಓಟಗಾರರಲ್ಲಿ ಒಬ್ಬರನ್ನು ನೋಡಬೇಕಿದ್ದರೆ ನ್ಯೂಯಾರ್ಕ್‌ಗೋ ಶಿಕಾಗೊಗೋ ಹೋಗಿ ಪ್ರಯೋಜನ ಇರಲಿಲ್ಲ, ಗಿಲ್ಮೋರ್‌ನ ಕಾರು ಮೈದಾನಕ್ಕೇ ಬರಬೇಕಿತ್ತು.

ಅದೇ 1941ರಲ್ಲಿ ಜ್ಯಾಕಿ ರಾಬಿನ್ಸನ್ ಹವಾಯಿಗೆ ಹೋಗಿದ್ದರು. ಅಲ್ಲೂ ಒಂದು ‘ಬೇರ್ಸ್’, ಹೊನೊಲುಲು ಬೇರ್ಸ್. ವಾರವೆಲ್ಲ ಪರ್ಲ್ ಹಾರ್ಬರ್ ಹತ್ತಿರ ಕಟ್ಟಡ ಕೆಲಸ, ರಜೆ ದಿನ ಫುಟ್‌ಬಾಲ್. ಸೀಸನ್ ಮುಗಿಸಿ ಡಿಸೆಂಬರ್ 5ಕ್ಕೆ ಹಡಗು ಹತ್ತಿದರು. ಎರಡು ದಿನ ಕಳೆದಿದೆ, ಇಸ್ಪೀಟ್ ಆಡುತ್ತಾ ಕೂತಿದ್ದಾರೆ, ನೋಡಿದರೆ ಹಡಗಿನವರು ಕಿಟಕಿಗಳಿಗೆ ಕಪ್ಪು ಬಣ್ಣ ಬಳಿಯುತ್ತಿದ್ದಾರೆ. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಸುದ್ದಿ ಗೊತ್ತಾದದ್ದು ಹಾಗೆ. ಊರಿಗೆ ಬಂದು ಬುಲ್‌ಡಾಗ್ಸ್ ಸೇರಿಕೊಂಡರು, ಅಷ್ಟರಲ್ಲಿ ಸೈನ್ಯದ ಕರೆ.

ಯುದ್ಧದ ವರ್ಷಗಳ ಬಗ್ಗೆ ಜಾಸ್ತಿ ಹೇಳಲ್ಲ. ಎಲ್ಲ ತಂಡಗಳೂ ಆಟಗಾರರಿಲ್ಲದೆ ಒದ್ದಾಡಿದವು, ಬೇರ್ಸ್ ಆಟವೂ ನಿಂತಿತು. ಶಿಸ್ಲರ್ ಮಾರ್ಚ್ ಫೀಲ್ಡ್ ವಾಯುಪಡೆ ನೆಲೆಯ ತಂಡಕ್ಕೆ ಕೋಚ್, ವುಡಿ ಅಲ್ಲೇ ಆಟಗಾರ. ಕೆನ್ನಿ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ಲಿಪ್ಪರ್ಸ್‌ಗೆ ಆಡಿದರು. 1945ರಲ್ಲಿ ಎಲ್ಲರೂ ಮತ್ತೆ ಸೇರಿದರು, ಬೇರ್ಸ್ ಮತ್ತೆ ಚಾಂಪಿಯನ್. ಆದರೆ ಕೆನ್ನಿ ಮಂಡಿಗಳು ಅಷ್ಟು ಹೊತ್ತಿಗೆ ಮೊದಲಿನ ಹಾಗಿರಲಿಲ್ಲ. ಆಪರೇಷನ್ ಮೇಲೆ ಆಪರೇಷನ್. ಬೇರ್ಸ್‌ನಲ್ಲಿ ಕಳೆದದ್ದು ಅವರ ಒಳ್ಳೆಯ ವಯಸ್ಸು, 22ರಿಂದ 27.

ಈಗ ಮೂರನೇ ಪ್ರಶ್ನೆ, ಯಾಕೆ ಮುಚ್ಚಿತು. ನಾನು ಮೊದಲೇ ಹೇಳಿದೆನಲ್ಲ, ಬೇರ್ಸ್ ಬದುಕಿದ್ದದ್ದು ಎರಡು ಗೋಡೆಗಳ ಆಸರೆಯಲ್ಲಿ, ಒಂದು ದೂರ, ಇನ್ನೊಂದು ಬಣ್ಣ. 1946ರಲ್ಲಿ ಎರಡೂ ಒಟ್ಟಿಗೆ ಬಿದ್ದವು.

ದೂರವನ್ನು ಬೀಳಿಸಿದ್ದು ವಿಮಾನ, ಜೊತೆಗೆ ಪೈಪೋಟಿ. ಕ್ಲೀವ್‌ಲ್ಯಾಂಡ್ ರಾಮ್ಸ್ 1945ರ ಎನ್‌ಎಫ್‌ಎಲ್ ಚಾಂಪಿಯನ್. ಗೆದ್ದ ಕೆಲವೇ ವಾರಕ್ಕೆ ಮಾಲೀಕ ಡ್ಯಾನ್ ರೀವ್ಸ್ ತಂಡವನ್ನು ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಬಂದರು. ಅದೇ ವರ್ಷ ಹೊಸದಾಗಿ ಹುಟ್ಟಿದ ಇನ್ನೊಂದು ಲೀಗ್ ಕ್ಲೀವ್‌ಲ್ಯಾಂಡ್‌ನಲ್ಲೂ, ಲಾಸ್ ಏಂಜಲೀಸ್‌ನಲ್ಲೂ ತಂಡ ಇಟ್ಟಿತು. ಒಂದೂ ಇಲ್ಲದ ಊರಿಗೆ ಒಂದೇ ಏಟಿಗೆ ಎರಡು ದೊಡ್ಡ ತಂಡ.

ಬಣ್ಣದ ಗೋಡೆ ಬಿದ್ದದ್ದು ಒಂದು ಮೀಟಿಂಗಿನಲ್ಲಿ. ರಾಮ್ಸ್‌ಗೆ ಆಡಲು ಕೊಲಿಸಿಯಂ ಬೇಕು. ಕೊಲಿಸಿಯಂ ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ್ದು, ಅದನ್ನು ನೋಡಿಕೊಳ್ಳಲು ಒಂದು ಆಯೋಗ. 1946ರ ಜನವರಿಯಲ್ಲಿ ಆಯೋಗದ ಮುಂದೆ ರಾಮ್ಸ್ ಅರ್ಜಿ ಬಂದಾಗ ಎದ್ದು ನಿಂತವರು ಹ್ಯಾಲಿ ಹಾರ್ಡಿಂಗ್, ಊರಿನ ಕಪ್ಪು ಓದುಗರ ಪತ್ರಿಕೆಯಾದ ಲಾಸ್ ಏಂಜಲೀಸ್ ಟ್ರಿಬ್ಯೂನ್‌ನ ಕ್ರೀಡಾ ಬರಹಗಾರ. ಅವರ ವಾದ ಸರಳ. ಈ ಮೈದಾನಕ್ಕೆ ಕಪ್ಪು ಜನರ ತೆರಿಗೆಯೂ ಸೇರಿದೆ, ಕಪ್ಪು ಆಟಗಾರರನ್ನು ಹೊರಗಿಟ್ಟ ಲೀಗಿಗೆ ಇದನ್ನು ಹೇಗೆ ಕೊಡ್ತೀರಿ? ಕೆನ್ನಿ ಹೆಸರನ್ನೇ ಎತ್ತಿ ಕೇಳಿದರು. ರಾಮ್ಸ್ ಪರವಾಗಿ ಬಂದಿದ್ದವರಿಗೆ ನಮ್ಮಲ್ಲಿ ಅಂಥ ನಿಷೇಧ ಇಲ್ಲ ಅಂತ ಒಪ್ಪಿಕೊಳ್ಳದೆ ಬೇರೆ ದಾರಿ ಉಳಿಯಲಿಲ್ಲ. ಬರೆದಿಡದ ನಿಯಮದ ಕಷ್ಟ ಇದೇ, ಹತ್ತು ಜನರ ಎದುರು ಹೌದು ನಮ್ಮಲ್ಲಿ ಇದೆ ಅನ್ನೋಕೆ ಆಗಲ್ಲ.

ಮಾರ್ಚ್ 21ಕ್ಕೆ ರಾಮ್ಸ್ ಕೆನ್ನಿ ಜೊತೆ ಸಹಿ ಮಾಡಿತು, ಹಾಲಿವುಡ್ ಬೇರ್ಸ್ ಜೊತೆಗಿದ್ದ ಅವರ ಒಪ್ಪಂದವನ್ನು ಕೊಂಡುಕೊಂಡು. ಮೇ ತಿಂಗಳಲ್ಲಿ ವುಡಿ. ದಾರಿಯಲ್ಲಿ ಕೆನ್ನಿಗೆ ಕೋಣೆ ಹಂಚಿಕೊಳ್ಳಲು ಒಬ್ಬ ಜೊತೆಗಾರ ಬೇಕಿತ್ತು, ಅದಕ್ಕೇ ತಮ್ಮನ್ನು ತೆಗೆದುಕೊಂಡರು ಅಂತ ವುಡಿ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಶಿಕಾಗೊದ ಒಂದು ಹೋಟೆಲಿನವರು ಇವರಿಬ್ಬರಿಗೆ ಜಾಗ ಇಲ್ಲ ಅಂದಾಗ ಬೇರೆ ಕಡೆ ಉಳಿದರು. ನೋಡಿದರೆ ಅಲ್ಲಿ ಕೆಳಗೆ ಹೆಸರಾಂತ ಜಾಝ್ ಸಂಗೀತಗಾರ ಕೌಂಟ್ ಬೇಸಿಯ ಸಂಗೀತ ನಡೀತಾ ಇದೆ. ತಂಡದ ಕ್ವಾರ್ಟರ್‌ಬ್ಯಾಕ್ ಬಾಬ್ ವಾಟರ್‌ಫೀಲ್ಡ್ ಹುಡುಕಿಕೊಂಡು ಬಂದು ಕರೆದರೂ ಇವರಿಗೆ ಏಳುವ ಮನಸ್ಸಾಗಲಿಲ್ಲವಂತೆ.

ಇತ್ತ ಬೇರ್ಸ್ ಕಡೆ ನೋಡಿ. ಒಂದೇ ಬೇಸಿಗೆಯಲ್ಲಿ ಜನ ನೋಡಲು ಬರುತ್ತಿದ್ದ ಆಟಗಾರನೂ ಹೋದ, ಜನರಿಗೆ ಬೇರೆ ಗತಿ ಇಲ್ಲ ಅನ್ನೋ ಅನುಕೂಲವೂ ಹೋಯಿತು. ಅದೇ ಊರಲ್ಲಿ ರಾಮ್ಸ್ ಟಿಕೆಟ್ ಸಿಗುವಾಗ ಮೈನರ್ ಲೀಗ್ ನೋಡಲು ಯಾರು ಹೋಗ್ತಾರೆ? ಲೀಗ್ ಇನ್ನೆರಡು ವರ್ಷ ಕುಂಟುತ್ತಾ ಸಾಗಿತು. ಹವಾಯಿಯ ತಂಡವನ್ನು ಸೇರಿಸಿಕೊಂಡರು. 1947ರ ಅಂತಿಮ ಪಂದ್ಯದಲ್ಲಿ ಆ ತಂಡದ ಆಟಗಾರರು ತಮ್ಮದೇ ಆಟದ ಮೇಲೆ ಬಾಜಿ ಕಟ್ಟಿದ್ದು ಹೊರಬಿದ್ದು ಮಾನವೂ ಹೋಯಿತು. 1948ರಲ್ಲಿ ಲೀಗ್ ಬಂದ್. ಅಷ್ಟು ಗೆದ್ದಿದ್ದ ಬುಲ್‌ಡಾಗ್ಸ್ ಕೂಡ ಕೊನೆಗೆ ಲಾಂಗ್ ಬೀಚ್‌ಗೆ ಹೋಗಿ ಅಲ್ಲೇ ಮುಗಿದರು. ಬೇರ್ಸ್‌ನ ಯಾರೋ ದುಡ್ಡು ನುಂಗಿದರು, ಆಡಳಿತ ಕೆಟ್ಟಿತ್ತು ಅಂತೆಲ್ಲ ಹುಡುಕಬೇಕಾಗಿಲ್ಲ. ಚೆನ್ನಾಗಿ ನಡೆಸಿದ್ದರೂ ಉಳಿಯುತ್ತಿರಲಿಲ್ಲ. ಕಪ್ಪು ಆಟಗಾರರ ಬೇಸ್‌ಬಾಲ್ ಲೀಗುಗಳಿಗೂ ಇದೇ ಆಯಿತು. ಜ್ಯಾಕಿ ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್‌ಗೆ ಆಡಿದ ಮೇಲೆ ಆ ಮೈದಾನಗಳು ಖಾಲಿಯಾದವು. ಬಾಗಿಲು ತೆರೆದದ್ದಕ್ಕೆ ಬೇಜಾರು ಮಾಡಿಕೊಳ್ಳೋಕೆ ಆಗಲ್ಲ, ಆದರೂ ಗಿಲ್ಮೋರ್‌ನ ಮೆಟ್ಟಿಲ ಮೇಲೆ ಕೂತು ಕೂಗಿದವರನ್ನು ನೆನೆದರೆ ಸ್ವಲ್ಪ ಕಸಿವಿಸಿ ಆಗುತ್ತೆ, ಅಲ್ವಾ.

ಶಿಸ್ಲರ್ ಮುಂದೆ 1951ರಲ್ಲಿ ಎನ್‌ಎಫ್‌ಎಲ್‌ನ ಪ್ರೊ ಬೌಲ್ ಅನ್ನೋ ತಾರೆಗಳ ಪಂದ್ಯವನ್ನು ಲಾಸ್ ಏಂಜಲೀಸ್‌ಗೆ ತರುವುದರಲ್ಲಿ ಕೈಜೋಡಿಸಿದರು. ವುಡಿ ಒಂದೇ ಸೀಸನ್‌ಗೆ ರಾಮ್ಸ್‌ನಿಂದ ಹೊರಗೆ, ಕೆನಡಾಕ್ಕೆ ಹೋಗಿ 1948ರಲ್ಲಿ ಕ್ಯಾಲ್ಗರಿ ತಂಡದ ಜೊತೆ ಅಲ್ಲಿನ ಫುಟ್‌ಬಾಲ್ ಚಾಂಪಿಯನ್‌ಗೆ ಕೊಡುವ ಗ್ರೇ ಕಪ್ ಗೆದ್ದರು. ಆಮೇಲೆ ಸಿನಿಮಾ. ‘ಹಾಲಿವುಡ್’ ಬೇರ್ಸ್‌ನಿಂದ ನಿಜಕ್ಕೂ ಹಾಲಿವುಡ್‌ಗೆ ಹೋಗಿ ಹೆಸರು ಮಾಡಿದವರು ಇವರೇ. ಪಿಕ್ಸಾರ್‌ನ ‘ಟಾಯ್ ಸ್ಟೋರಿ’ ಸಿನಿಮಾದ ಕೌಬಾಯ್ ಗೊಂಬೆ ವುಡಿಗೆ ಹೆಸರು ಬಂದದ್ದೂ ಇವರಿಂದ, ಮೊಮ್ಮಕ್ಕಳಿದ್ದರೆ ಹೇಳಿ.

ಕೆನ್ನಿ ರಾಮ್ಸ್‌ನಲ್ಲಿ ಆಡಿದ್ದು ಮೂರೇ ವರ್ಷ, ಕೆಟ್ಟ ಮಂಡಿಗಳ ಮೇಲೆ, ಅದೂ ಸಿಂಗಲ್ ವಿಂಗ್ ಬಿಟ್ಟ ತಂಡದಲ್ಲಿ. ಆದರೂ 1947ರಲ್ಲಿ ಓಟಕ್ಕೆ ಸರಾಸರಿ 7.4 ಗಜ, ಲೀಗಿಗೇ ಮೊದಲು. ಆ ವರ್ಷ ಒಂದು ಪಂದ್ಯದಲ್ಲಿ ತಮ್ಮ 8 ಗಜದ ಗೆರೆಯಿಂದ ಚೆಂಡು ಹಿಡಿದು ಹೊರಟವರು ಮೈದಾನದ ಆ ತುದಿವರೆಗೂ ನಿಲ್ಲಲಿಲ್ಲ, 92 ಗಜ. ರಾಮ್ಸ್ ಇತಿಹಾಸದ ಅತಿ ಉದ್ದದ ಓಟ ಇವತ್ತಿಗೂ ಅದೇ. ನೀವು ಟಿವಿಯಲ್ಲಿ ಅವರ ಹೆಸರು ಕೇಳಿದ್ದು ಬಹುಶಃ ಇದಕ್ಕೇ ಇರಬೇಕು. ಎದುರಾಳಿ ಯಾರು ಗೊತ್ತಾ? ಶಿಕಾಗೊ ಕಾರ್ಡಿನಲ್ಸ್, ಜೋ ಲಿಲಾರ್ಡ್ ಅವರನ್ನು ಬಿಟ್ಟ ತಂಡ. 1971ರಲ್ಲಿ, 52ನೇ ವಯಸ್ಸಿಗೇ ಕೆನ್ನಿ ತೀರಿಕೊಂಡರು. ಯುಸಿಎಲ್‌ಎ ಅವರ 13ನೇ ನಂಬರ್ ಅಂಗಿಯನ್ನು ಇನ್ಯಾರಿಗೂ ಕೊಡುವುದಿಲ್ಲ.

ನೋಡೋಕೆ ಏನಿದೆ ಅಂದ್ರಿ. ಮೈದಾನ ಇಲ್ಲ, 1952ರಲ್ಲೇ ಕೆಡವಿದರು. ಆದರೆ ಮಗನನ್ನು ಫೇರ್‌ಫ್ಯಾಕ್ಸ್ ಅವೆನ್ಯೂ ಕಡೆಯ ಫಾರ್ಮರ್ಸ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗು ಅನ್ನಿ, ನಮ್ಮ ಕಡೆಯಿಂದ ಹೋದವರು ಬಹಳ ಜನ ಅಲ್ಲಿ ತಿಂಡಿ ತಿಂದು ಫೋಟೊ ತೆಗೆಸಿಕೊಂಡೇ ಬಂದಿರುತ್ತಾರೆ. ಅದು ಅದೇ ಗಿಲ್ಮೋರ್ ಮನೆತನದ ಜಮೀನು, ಸ್ಟೇಡಿಯಂ ಎದ್ದ ವರ್ಷವೇ ಶುರುವಾದ ಮಾರ್ಕೆಟ್. ಅಲ್ಲಿಂದ ಉತ್ತರಕ್ಕೆ ಬೆವರ್ಲಿ ಬುಲೆವಾರ್ಡ್ ಕಡೆ ನಡೆದರೆ ಟೆಲಿವಿಷನ್ ಸಿಟಿ ಅಂತ ದೊಡ್ಡ ಟಿವಿ ಸ್ಟುಡಿಯೋ ಸಿಗುತ್ತೆ, ಸಿಬಿಎಸ್‌ನವರು ಕಟ್ಟಿಸಿದ್ದು. ಮೊದಲು ಗಿಡ್ಡ ಕಾರುಗಳು ದೂಳೆಬ್ಬಿಸಿದ್ದು, ಆಮೇಲೆ ಕೆನ್ನಿ ಓಡಿದ್ದು ಅದರ ಕಾಂಪೌಂಡಿನ ಒಳಗೆ.